ಮೂಗಿನ ನೇರ

ಮೂವತ್ತೊಂದು ಮೂಗುಗಳಿವೆ ನನ್ನ ಕಪಾಟಿನಲ್ಲಿ,
ಪ್ಲಾಸ್ಟರಿನ ಅಚ್ಚುಗಳು. ಒಂದನ್ನು ಬಿಟ್ಟು ಎಲ್ಲಕ್ಕೂ ಚೀಟಿ:
ಬಾವಿಯ ಮಾಟಗಾತಿ, ಎರಡನೆಯ ಮಲತಾಯಿ,
ಗಿರಣಿಯ ಮುದುಕಿ (ಇವಳ ನರಹುಲಿಗೆ ಹಂದಿಯ ಕೂದಲು).
ಪ್ರಾಗ್ ನಗರದಂಚಿನ ಈ ಸ್ಟುಡಿಯೋದಲ್ಲಿ
ನಲವತ್ತು ಚಳಿಗಾಲ ಕೆಡುಕನ್ನು ಎರಕ ಹೊಯ್ದವಳು ನಾನು,
ದ್ರಾಹೊಮೀರಾ.
ಮಕ್ಕಳು ಕಿರುಚಿದರೆ ನನ್ನ ಸಂಬಳ ನ್ಯಾಯ.

ಸೋಮವಾರ ರಾದೋವಾನ್ ಬಂದ. ನಿರ್ದೇಶಕ.
ಗಡ್ಡ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ.
"ಈ ಸಲ ಎರಡು ಬೆರಳು ಗಿಡ್ಡ ಮಾಡಿ," ಅಂದ.
"ನರಹುಲಿ ಬೇಡ. ಅವಳನ್ನು ನೋಡಿ ಜನ ಅಳಬೇಕು.
ಅವಳಿಗೂ ಏಳು ವರ್ಷ ಆಗಿತ್ತಲ್ಲವೇ ಒಮ್ಮೆ?
ಊರಿಂದ ಅಟ್ಟಿದರು, ಹಿಮದಲ್ಲಿ ಒಬ್ಬಳೇ.
ಜೇನುರೊಟ್ಟಿಯ ಗೋಡೆ ಕಟ್ಟಿದ್ದು ಮಕ್ಕಳನ್ನು ಹಿಡಿಯಲಿಕ್ಕಲ್ಲ,
ಹಸಿವಿಗೆ ಹೆದರಿ."
"ಮತ್ತೆ ಒಲೆ?" ಅಂದೆ.
"ಒಲೆ ಚಳಿಗೆ."

ಒಪ್ಪಿದೆ. ಕಥೆ ಹೇಳುವವರೆಲ್ಲ
ತಂತಮ್ಮ ಮೂಗಿನ ನೇರಕ್ಕೇ ಹೇಳುವುದು;
ಆ ಮೂಗು ಒದಗಿಸುವುದಷ್ಟೇ ನನ್ನ ಕೆಲಸ.
ಚಾಕು ಬಿಸಿಮಾಡಿ ತುದಿ ಕೊಯ್ದೆ.
ಮೇಜಿನ ಮೇಲೆ ಬಿತ್ತು ಕೊಕ್ಕೆ, ನಡುಗುತ್ತ,
ಇನ್ನೂ ಬೆಚ್ಚಗೆ.
ಇದನ್ನು ಎಲ್ಲಿ ಎಸೆಯುವುದು?

ಗುರುವಾರ ಕ್ರಿಶ್ತೋಫ್ ಬಂದ, ಒಂಬತ್ತರ ಹುಡುಗ.
ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟಕದು.
ನನ್ನ ಕೈಯಲ್ಲಿ ಸೂಚನೆ: ಹುಬ್ಬು ಕೂಡಿಸಿ, ತುಟಿ ತೆಳುವಾಗಲಿ,
ಅವಳ ಗೋಡೆ ಮುರಿದು ತಿನ್ನುವವನು ಇವನು.
"ನಾನ್ಯಾಕೆ ಕೆಟ್ಟವನು?" ಕೇಳಿದ.
"ನಿನಗೆ ಹಸಿವು, ಅದಕ್ಕೆ."
"ಅವಳಿಗೂ ಹಸಿವೇ ಅಲ್ವಾ?"
ಕಣ್ಣು ಮುಚ್ಚು ಪುಟ್ಟಾ, ಪೆನ್ಸಿಲ್ ತಗಲುತ್ತೆ.

ಶೂಟಿಂಗಿನ ಮೂರನೇ ದಿನ ಇಲೋನಾ ಅತ್ತಳು,
ನಿಜಕ್ಕೂ, ಗ್ಲಿಸರಿನ್ ಇಲ್ಲದೆ.
ಹೊಳ್ಳೆಯ ಪಕ್ಕ ಅಂಟು ಬಿಟ್ಟಿತು, ಜೆಲಾಟಿನ್ ಕರಗಿ
ಮೂಗು ಮೆಲ್ಲಗೆ ಜಾರಿ ತುಟಿಗೆ ಬಂತು.
ಕಟ್, ಕಟ್. ಎಲ್ಲರೂ ನನ್ನ ಕಡೆ ನೋಡಿದರು.
ಏನು ಹೇಳಲಿ? ನನ್ನ ಮೂವತ್ತೊಂದು ಮಂದಿಯಲ್ಲಿ
ಒಬ್ಬಳೂ ಅತ್ತವಳಲ್ಲ.
ಕಣ್ಣೀರು ತಾಳುವ ಅಂಟು
ನನ್ನ ಪೆಟ್ಟಿಗೆಯಲ್ಲೇ ಇಲ್ಲ.

ಇನ್ನೊಂದು ಮಾತು. ಇದನ್ನು ರಾದೋವಾನನಿಗೆ ಹೇಳಿಲ್ಲ.
ಚೀಟಿಯಿಲ್ಲದ ಆ ಅಚ್ಚು, ನನ್ನ ಮೊದಲನೆಯದು,
ನಮ್ಮ ಕಟ್ಟಡ ಕಾಯುತ್ತಿದ್ದ ಹೆದ್ವಿಕಾಳದು.
ಯಾರು ಬಂದರು, ಎಷ್ಟು ಹೊತ್ತಿಗೆ ಹೋದರು,
ಯಾರ ಮನೆಯ ರೇಡಿಯೋ ಯಾವ ಭಾಷೆಯಲ್ಲಿ ಪಿಸುಗುಟ್ಟಿತು,
ಎಲ್ಲ ನೀಲಿ ನೋಟುಬುಕ್ಕಿನಲ್ಲಿ ಬರೆದು ಒಪ್ಪಿಸುತ್ತಿದ್ದಳು.
ಅಪ್ಪನನ್ನು ಒಯ್ದದ್ದು ನವೆಂಬರಿನಲ್ಲಿ,
ಮನೆಯೊಳಗಿನ ಚಪ್ಪಲಿಯಲ್ಲೇ.
ನೆನಪಿನಿಂದಲೇ ತಿದ್ದಿದೆ ಆ ಮೂಗನ್ನು, ಇಪ್ಪತ್ತಮೂರರ ಕೈ;
ದೇಶದ ಮಕ್ಕಳೆಲ್ಲ ಅದನ್ನು ಕಂಡು
ದಿಂಬಿನಲ್ಲಿ ಮುಖ ಹುದುಗಿಸಿದರು.
ಅಷ್ಟು ಸಾಕಿತ್ತು ನನಗೆ.

ಅವಳಿಗೂ ಏಳು ವರ್ಷ ಆಗಿತ್ತೇ?
ಒಂದು ಬೆಳಗ್ಗೆ ಮೆಟ್ಟಿಲು ಒರೆಸುತ್ತಿದ್ದಳು, ಬಕೆಟ್ಟಿಗೆ ಬಾಗಿ,
ಮೂಗು ಸೊರಗುಟ್ಟಿದ್ದು ಕೇಳಿಸಿತು. ನೆಗಡಿಯಿರಬಹುದು.
ಒದ್ದೆ ಮೆಟ್ಟಿಲ ಮೇಲೆ, ಬೇಕಂತಲೇ,
ಕೆಸರಿನ ಬೂಟು ಊರುತ್ತ ಹತ್ತಿಹೋದೆ.

ಇವತ್ತು ಹೊಸ ಅಂಟು ಬಂದಿದೆ, ಸಣ್ಣ ಬಾಟಲಿ, ದುಬಾರಿ.
ನೀರಿಗೆ ಬಿಡುವುದಿಲ್ಲ, ಬೆವರಿಗೆ ಬಿಡುವುದಿಲ್ಲವಂತೆ.
ಇಲೋನಾಳ ಮುಖ ಮುಗಿಸಿ ತಿರುಗಿದರೆ
ಕ್ರಿಶ್ತೋಫ್ ಕನ್ನಡಿಯ ಮುಂದೆ.
ನಾನು ಕೊಯ್ದಿಟ್ಟ ಕೊಕ್ಕೆ, ಒಣಗಿ ಕಂದಾದದ್ದು,
ತನ್ನ ಮೂಗಿಗೆ ಅಂಟಿಸಿಕೊಂಡು ಹಲ್ಲು ಕಿರಿಯುತ್ತಿದ್ದಾನೆ.
ತೆಗೆಯೋ, ಅಂದೆ.
ಎಳೆದ. ಮತ್ತೆ ಎಳೆದ.
"ಬರ್ತಿಲ್ಲ," ಅಂದ.